ರೈಲು ಹೋಗುವಾಗ ಆಡಿದ ಮಾತು

ಮಾತಿನ ನಡುವೆ ನಿಂತುಬಿಡುವ ಅಭ್ಯಾಸ ನನಗಿದೆ. ಪದ ಮರೆತು ನಿಲ್ಲುವುದಲ್ಲ, ಯೋಚಿಸಲು ನಿಲ್ಲುವುದೂ ಅಲ್ಲ. "ನಾಳೆ ಬ್ಯಾಂಕಿಗೆ ಹೋಗಿ" ಎನ್ನುವವರೆಗೆ ಹೇಳಿ, ಹತ್ತು ಹನ್ನೆರಡು ಸೆಕೆಂಡು ಸುಮ್ಮನಿದ್ದು, "ಆ ಫಾರ್ಮು ಕೊಟ್ಟು ಬರಬೇಕು" ಎಂದು ಮುಗಿಸುತ್ತೇನೆ. ಆಫೀಸಿನಲ್ಲಿ ಇದರಿಂದ ನನಗೆ ಅನುಕೂಲವೇ ಆಗಿದೆ. ಅಳೆದು ತೂಗಿ ಮಾತಾಡುವ ಮನುಷ್ಯ ಎಂಬ ಹೆಸರು ಬಂದಿದೆ. ಮನೆಯಲ್ಲಿ ಈ ಹೆಸರು ನಡೆಯುವುದಿಲ್ಲ. ಮೊನ್ನೆ ಹೀಗೆ ನಿಂತಾಗ ಹೆಂಡತಿ ಬಟಾಣಿ ಬಿಡಿಸುವುದನ್ನು ಬಿಟ್ಟು ನನ್ನನ್ನೇ ನೋಡಿ, "ಕೆಳಗಿನ ಮನೆಯವರು ವಾಷಿಂಗ್ ಮೆಷಿನ್ ಹಾಕಿದಾಗಲೆಲ್ಲ ನೀವು ಹೀಗೇ ನಿಲ್ತೀರ. ಒಂದು ವರ್ಷದಿಂದ ನೋಡ್ತಾ ಇದೀನಿ" ಎಂದಳು.

ನೆಲದ ಮೇಲೆ ಅಂಗೈ ಇಟ್ಟು ನೋಡಿದೆ. ನೆಲ ಸಣ್ಣಗೆ ನಡುಗುತ್ತಿತ್ತು. ಮುಂಬಯಿಯ ಕುರ್ಲಾದ ಮನೆ ಬಿಟ್ಟು ಇಷ್ಟು ವರ್ಷವಾದರೂ ನಾನು ಆ ಮನೆಯಲ್ಲೇ ಕೂತು ಮಾತಾಡುತ್ತಿದ್ದೇನೆ ಎಂದು ಆಗ ತಿಳಿಯಿತು.

ಕುರ್ಲಾದ ನಮ್ಮ ಬಿಲ್ಡಿಂಗ್ ರೈಲು ಹಳಿಗೆ ಎಷ್ಟು ಹತ್ತಿರವಿತ್ತು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಸ್ಟೇಷನ್ನಿನಲ್ಲಿ ಗುರುತಿಲ್ಲದ ಮನುಷ್ಯನೊಬ್ಬ ಅಪ್ಪನನ್ನು ತಡೆದು, "ಸಾಬ್, ಆಪ್ಕೆ ಘರ್ ಕಾ ಕ್ಯಾಲೆಂಡರ್ ಅಭೀ ತಕ್ ಪಿಛ್ಲೇ ಮಹೀನೇ ಪೇ ಹೈ" ಎಂದನಂತೆ. ಆತ ದಿನವೂ ಲೋಕಲ್‌ನ ಬಾಗಿಲಲ್ಲಿ ನಿಂತು ನಮ್ಮ ಕಿಟಕಿ ದಾಟುವವನು. ಅಪ್ಪ ಅವನಿಗೆ ಥ್ಯಾಂಕ್ಸ್ ಹೇಳಿ, ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದರು. ಮರುದಿನ ಅಮ್ಮ ಕಿಟಕಿಗೆ ಪರದೆ ಹಾಕಿದಳು.

ಆ ಕಿಟಕಿಯ ಕೆಳಗೆ ಮಡಚುವ ಕಬ್ಬಿಣದ ಟೇಬಲ್ಲೊಂದಿತ್ತು. ಎಂಬತ್ತರ ದಶಕದ ಕೊನೆಯ ಎರಡು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಅದರ ಸುತ್ತ ನಾವು ನಾಲ್ಕು ಜನ ಕೂತು ಪವಾಯಿ ಕೆರೆಯ ತಳದಲ್ಲಿದ್ದ ಕೋಟೆಯೊಂದನ್ನು ಹುಡುಕುತ್ತಿದ್ದೆವು. ಕೆರೆಯ ತಳದಲ್ಲಿ ಕೋಟೆ ಇಲ್ಲವೆಂದು ನಿಮಗೂ ಗೊತ್ತು, ನಮಗೂ ಗೊತ್ತಿತ್ತು.

ಆಟ ತಂದುಕೊಟ್ಟವನು ಸೋದರಮಾವನ ಮಗ ರಘು. ಪವಾಯಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ತಾನು ಮಾತ್ರ ಆಡಲು ಕೂರಲಿಲ್ಲ. ಹಾಸ್ಟೆಲಿನಲ್ಲಿ ಯಾರೋ ವಿದೇಶದಿಂದ ತಂದಿದ್ದ ಪುಸ್ತಕದ ಝೆರಾಕ್ಸಿನ ಝೆರಾಕ್ಸು ಅದು. ಕೊನೆಯ ಪುಟಗಳಿರಲಿಲ್ಲ, ನಡುವಿನ ಕೆಲವು ಪುಟಗಳಲ್ಲಿ ಬರಿಯ ಮಸಿ. ಆಟಕ್ಕೆ ಬೋರ್ಡ್ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಒಬ್ಬೊಬ್ಬ ವೀರನ ಹೆಸರು ಹೊತ್ತು, "ನಾನು ಮರ ಹತ್ತುತ್ತೇನೆ", "ನಾನು ಓಡುತ್ತೇನೆ" ಎನ್ನುತ್ತಾರೆ. ಹತ್ತಲು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು. ಅಂಥ ದಾಳ ಮುಂಬಯಿಯಲ್ಲಿ ಎಲ್ಲಿ ಸಿಗಬೇಕು? ಪ್ರಭಾ ಬೈಕುಲ್ಲಾದ ಬಜಾರಿನಿಂದ ತಂಬೋಲ ಆಟದ, ಸಂಖ್ಯೆ ಬರೆದ ಮರದ ಬಿಲ್ಲೆಗಳನ್ನು ತಂದಳು. ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಒಂದನ್ನು ತೆಗೆಯುವುದು. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು.

ಪ್ರಭಾ ನನ್ನ ಅಕ್ಕ ವಿಮಲಳ ಆಫೀಸಿನವಳು. ಇಬ್ಬರೂ ಟೈಪಿಸ್ಟರು. ಬೈಕುಲ್ಲಾದಲ್ಲಿ ಮನೆ, ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಹಿಂದಿ. ವಿಮಲಕ್ಕ ಕಥೆ ಹೇಳುವವಳು, ನಮ್ಮ ಭಾಷೆಯಲ್ಲಿ ಸೂತ್ರಧಾರಿ. ಮೂಲ ಪುಸ್ತಕದ ಹಿಮದ ಬೆಟ್ಟಗಳನ್ನು ಅವಳು ಮೊದಲ ದಿನವೇ ಕಿತ್ತೆಸೆದು, "ನಾನು ಹಿಮ ನೋಡಿಲ್ಲ, ನೋಡದೇ ಇರೋದನ್ನ ಹೇಳಲ್ಲ" ಎಂದು ಕಥೆಯನ್ನು ಪವಾಯಿ ಕೆರೆಗೆ ಇಳಿಸಿದಳು.

ನಾಲ್ಕನೆಯವನು ಬಸು. ಬಾಗಲಕೋಟೆ ಕಡೆಯವನು, ಇಪ್ಪತ್ತನಾಲ್ಕು ವರ್ಷ. ಹತ್ತಿರದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದ. ಒಂದು ಭಾನುವಾರ ನಮ್ಮ ಬಿಲ್ಡಿಂಗಿನ ನೀರಿನ ಪಂಪು ರಿಪೇರಿಗೆ ಬಂದವನು ಕೈ ತೊಳೆಯಲು ನೀರು ಕೇಳಿ ಬಾಗಿಲಲ್ಲಿ ನಿಂತ. ಒಳಗೆ ಮೂವರು ಕಣ್ಣು ಮುಚ್ಚಿ ಡಬ್ಬಿಗೆ ಕೈ ಹಾಕುತ್ತಿದ್ದೆವು.

"ಇದು ಯಾವ ದೇವರ ಪೂಜಿರೀ?" ಎಂದು ಕೇಳಿದ.

ವಿಮಲಕ್ಕ ಆಟವನ್ನು ವಿವರಿಸಿದಳು. ಅವನು ಗಂಭೀರವಾಗಿ ಕೇಳಿ, "ಅಂದ್ರ ನಾ ಏನು ಅಂತೀನಿ, ಅದು ಆಗತೈತಿ?" ಎಂದ.

"ಬಿಲ್ಲೆ ಬಂದರೆ ಆಗುತ್ತೆ."

"ಅಷ್ಟಾದ್ರೂ ಆತಲ್ರೀ. ವರ್ಕ್‌ಶಾಪ್‌ನ್ಯಾಗ ಆರು ದಿನ ಮಂದಿ ಅಂದಿದ್ದು ನಾ ಮಾಡ್ತೀನಿ" ಎಂದು ಕೈ ಒರೆಸಿಕೊಂಡು ಕೂತ. ಅವನ ವೀರನ ಹೆಸರು ಈರಣ್ಣ. ವೀರನ ಶಕ್ತಿ ಎಷ್ಟೆಂದು ಗೊತ್ತುಮಾಡಲು ತೆಗೆದ ಮೊದಲ ಬಿಲ್ಲೆಯೇ ಇಪ್ಪತ್ತು. ಅಂದಿನಿಂದ ಒಂದು ಭಾನುವಾರವನ್ನೂ ಅವನು ತಪ್ಪಿಸಲಿಲ್ಲ.

ಇನ್ನು ನಾನು. ಹದಿನಾರು ವರ್ಷ. ವೀರನಾಗಿ ನಾನು ಎಂಥವನಿದ್ದೆ ಎಂಬುದು ಯಾರಿಗೂ ನೆನಪಿಲ್ಲ, ನನಗೂ ಇಲ್ಲ. ನನ್ನ ನಿಜವಾದ ಕೆಲಸ ಬೇರೆಯೇ ಆಗಿತ್ತು. ಪುಸ್ತಕದ ಪುಟಗಳು ಇಲ್ಲದ ಕಡೆ ನಿಯಮ ಬೇಕಲ್ಲ? ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾನು ಮನೆ ನಿಯಮಗಳನ್ನು ಬರೆಯುತ್ತಿದ್ದೆ. ಹಿಂದಿನ ಪುಟಗಳಿಂದ, ಯಾರು ಏನೆಂದರು ಎಂಬುದನ್ನು ಅವರು ಹೇಳುತ್ತಿದ್ದಂತೆಯೇ ಗೀಚುತ್ತಿದ್ದೆ. ಬಸು ನನ್ನನ್ನು ವಕೀಲ್ರು ಎಂದು ಕರೆಯುತ್ತಿದ್ದ. ಅದನ್ನು ಹೊಗಳಿಕೆ ಎಂದು ಬಹಳ ದಿನ ತಿಳಿದಿದ್ದೆ.

ನಮ್ಮ ನಿಯಮಗಳು ಯಾವ ಪುಸ್ತಕದಲ್ಲಿಯೂ ಸಿಗುವಂಥವಲ್ಲ. ಅಮ್ಮ ಚಹಾ ತಂದರೆ ಕೆರೆಯ ತಳದಲ್ಲೂ ಯುದ್ಧ ನಿಲ್ಲಬೇಕು. ಬಿಲ್ಲೆಯ ಮೇಲಿನ ಆರು ಮತ್ತು ಒಂಬತ್ತರ ಅಡಿಗೆರೆ ಸವೆದುಹೋಗಿದ್ದರಿಂದ, ತೆಗೆದವರ ಕಡೆಗೆ ಹೇಗೆ ಕಾಣುತ್ತದೋ ಅದೇ ಲೆಕ್ಕ. ಈ ಒಂದು ನಿಯಮಕ್ಕೆ ನಾನು ಮೂರು ಭಾನುವಾರ ಜಗಳವಾಡಿದ್ದೇನೆ. ಸತ್ತ ವೀರನ ಆಟಗಾರ ಆ ಕಥೆ ಮುಗಿಯುವವರೆಗೆ ಮತ್ತೆ ಆಡುವಂತಿಲ್ಲ. ಇದು ಪ್ರಭಾಳಿಂದ ಬಂದ ನಿಯಮ. ಅವಳ ವೀರೆ ಮೂರು ಬಾರಿ ಸತ್ತಳು, ಮೂರು ಬಾರಿಯೂ ಐದು ನಿಮಿಷದಲ್ಲಿ ಅವಳ ಅವಳಿ ತಂಗಿ ಕತ್ತಿ ಹಿಡಿದು ಬಂದಳು.

"ಎಷ್ಟು ಅವಳಿ ಮಕ್ಕಳು ಮಾರಾಯ್ತಿ ನಿನ್ನ ತಾಯಿಗೆ?" ಎಂದು ವಿಮಲಕ್ಕ ಪ್ರಭಾಳದೇ ಧಾಟಿಯಲ್ಲಿ ಕೇಳಿದಳು.

"ಹೆರುವುದು ಅವಳಿಷ್ಟ. ನಿಂಗೆಂಥ?" ಎಂದಳು ಪ್ರಭಾ.

ಮತ್ತೆ, ಪ್ರಭಾ ಮತ್ತು ಬಸು ಹೇಳಿ ಬರೆಸಿದ ರೈಲು ನಿಯಮ. ರೈಲು ಹೋಗುವಾಗ ಆಡಿದ ಮಾತು ಲೆಕ್ಕಕ್ಕಿಲ್ಲ. ರೈಲು ಹೋದ ಮೇಲೆ ಇನ್ನೊಮ್ಮೆ ಹೇಳಬೇಕು. ಹೀಗೆ ಮಾಡದಿದ್ದರೆ ಒಬ್ಬರು ಹೇಳಿದ್ದು ಒಂದು, ಇನ್ನೊಬ್ಬರಿಗೆ ಕೇಳಿದ್ದು ಇನ್ನೊಂದು. ನಾನು ಬರೆದ ನಿಯಮಗಳಲ್ಲೆಲ್ಲ ಇದು ಅತ್ಯಂತ ನಿರ್ದೋಷವಾದುದು ಎಂದು ನನಗೆ ಹೆಮ್ಮೆಯಿತ್ತು.

ನಿಯಮಕ್ಕೂ ಸೂತ್ರಧಾರಿಯ ತೀರ್ಪಿಗೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದು ಒಂದು ಚಕ್ಕುಲಿಯಿಂದ. ಕೋಟೆಯ ದಾರಿ ಕಾಯುತ್ತಿದ್ದ ರಾಕ್ಷಸನಿಗೆ ಪ್ರಭಾ ಕತ್ತಿ ತೋರಿಸದೆ ಚಕ್ಕುಲಿ ತೋರಿಸಿದಳು. ಇದಕ್ಕೆ ಪುಸ್ತಕದಲ್ಲಿ ಏನೂ ಇರಲಿಲ್ಲ. ವಿಮಲಕ್ಕ ಒಂದು ಗಳಿಗೆ ಯೋಚಿಸಿ, "ಬಿಲ್ಲೆ ತೆಗಿ. ಹತ್ತರ ಮೇಲೆ ಬಂದರೆ ತಿಂತಾನೆ" ಎಂದಳು. ಹದಿನಾಲ್ಕು ಬಂತು, ತಿಂದ. ನಾನು ತಕ್ಷಣ ನೋಟ್‌ಬುಕ್ಕಿನಲ್ಲಿ, "ರಾಕ್ಷಸರು ಚಕ್ಕುಲಿ ತಿನ್ನುತ್ತಾರೆ" ಎಂದು ಬರೆದೆ.

"ಹೊಡೆದುಹಾಕು ಅದನ್ನ" ಎಂದಳು ವಿಮಲಕ್ಕ. "ಇವತ್ತು, ಇವನು, ಈ ಚಕ್ಕುಲಿ ತಿಂದ. ಅಷ್ಟೇ. ನಾಳೆ ಬರೋ ರಾಕ್ಷಸನ ಹೊಟ್ಟೆ ಬಗ್ಗೆ ನೀನು ಯಾಕೋ ಕಾನೂನು ಮಾಡ್ತೀಯ?"

ಹೊಡೆದುಹಾಕಿದೆ. ಆದರೆ ಮನಸ್ಸಿನಲ್ಲಿ ಒಪ್ಪಲಿಲ್ಲ. ಬರೆಯದೆ ಬಿಟ್ಟದ್ದು ನಂಬಿಕೆಗೆ ಅರ್ಹವಲ್ಲ ಎಂದು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಝೆರಾಕ್ಸಿನ ಮೊದಲ ಪುಟದಲ್ಲೇ, ಕೊನೆಯ ಮಾತು ಕಥೆ ಹೇಳುವವರದು ಎಂಬ ಅರ್ಥದ ಸಾಲಿತ್ತು. ಅದರ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೆ.

ಆ ಭಾನುವಾರಕ್ಕೆ ಬರುತ್ತೇನೆ. ಅಂದು ಬಸು ಬಂದವನೇ, ವರ್ಕ್‌ಶಾಪು ದೀಪಾವಳಿ ಆದಮೇಲೆ ಗುಜರಾತಿನ ವಾಪಿಗೆ ಹೋಗುತ್ತದೆ, ತಾನೂ ಅದರ ಜೊತೆ ಹೋಗಬೇಕು ಎಂದ. ಉಳಿದದ್ದು ಐದು ಭಾನುವಾರ. "ಅಷ್ಟರಾಗ ಕೋಟೆ ಸಿಗಬೇಕು ನೋಡ್ರಿ ಅಕ್ಕಾರ. ಈರಣ್ಣನ್ನ ಅರ್ಧಕ್ಕ ಬಿಟ್ಟು ಹೋಗಾಕ ಬರೂದಿಲ್ಲ" ಎಂದ. ವಿಮಲಕ್ಕ ತಲೆಯಾಡಿಸಿದಳು.

ಕೂತಿದ್ದ ಕ್ರಮ ಹೀಗಿತ್ತು. ಕಿಟಕಿಗೆ ಬೆನ್ನು ಕೊಟ್ಟು ನಾನು, ಎದುರಿಗೆ ವಿಮಲಕ್ಕ, ನನ್ನ ಎಡಕ್ಕೆ ಬಸು, ಬಲಕ್ಕೆ ಪ್ರಭಾ. ಹೊತ್ತು ಮೂರು ಗಂಟೆ ದಾಟಿತ್ತು. ಚಹಾ ಇನ್ನೂ ಬಂದಿರಲಿಲ್ಲ.

"ಕಲ್ಲಿನ ಬಾಗಿಲು ತೆರೆದಿದೆ" ಎಂದಳು ವಿಮಲಕ್ಕ. "ಒಳಗೆ ಕತ್ತಲು. ಕೆಳಗಿಳಿಯೋ ಮೆಟ್ಟಿಲು. ಎಲ್ಲೋ ನೀರು ಅಲ್ಲಾಡಿದ ಸದ್ದು. ಯಾರು ಏನು ಮಾಡ್ತೀರ?"

"ನಾ ಮುಂದ ಹೊಕ್ಕೀನಿ. ನೀವು ಇಲ್ಲೇ ನಿಂದರ್ರಿ" ಎಂದ ಬಸು. ನಾನು ಬರೆದುಕೊಂಡೆ.

ವಿಮಲಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮನ್ನು ಹೆದರಿಸಲು ಹಾಗೆ ಮಾಡುತ್ತಾಳೆ ಎಂದುಕೊಂಡೆ. ಆಮೇಲೆ, "ಬಿಲ್ಲೆ ತೆಗಿ. ಐದು, ಇಲ್ಲ ಅದಕ್ಕಿಂತ ಜಾಸ್ತಿ ಬಂದರೆ ಸಾಕು" ಎಂದಳು. ಇಪ್ಪತ್ತು ಬಿಲ್ಲೆಗಳಲ್ಲಿ ಹದಿನಾರು ಅವನ ಪರವಾಗಿದ್ದವು. ಅವನು ತೆಗೆದದ್ದು ಮೂರು.

ಮೆಟ್ಟಿಲ ಕೆಳಗೆ ಮೊಸಳೆ ಇತ್ತು. ಈರಣ್ಣ ಸತ್ತ.

ನಿಯಮದ ಪ್ರಕಾರ ಬಸು ಕಥೆ ಮುಗಿಯುವವರೆಗೆ ಆಡುವಂತಿಲ್ಲ, ಕೋಟೆ ಸಿಕ್ಕರೂ ಕಥೆ ಐದು ಭಾನುವಾರದಲ್ಲಿ ಮುಗಿಯುವಂತಿರಲಿಲ್ಲ. ಅಂದರೆ ಅವನ ಆಟ ಅಲ್ಲಿಗೇ ಮುಗಿಯಿತು. ಪ್ರಭಾ ಕೈ ಎತ್ತಿದಳು.

"ಅವನು ಹೇಳುವಾಗ ರೈಲು ಹೋಗ್ತಿತ್ತು. ಲೆಕ್ಕಕ್ಕಿಲ್ಲ."

"ರೈಲೆಲ್ಲಿ ಹೋಯ್ತು?" ಎಂದಳು ವಿಮಲಕ್ಕ. "ಅವನು ಹೇಳಿದ್ದು ನನಗೆ ಸರಿಯಾಗಿ ಕೇಳಿಸಿತಲ್ಲ."

"ಅವನ ಗಂಟಲು ದಾದರ್‌ಗೂ ಕೇಳ್ತದೆ. ನಾನು ಹೇಳ್ತಿರುವುದು ರೈಲಿನ ವಿಷಯ. ನಿಮ್ಮ ಮನೆಯವರಿಗೆ ಕಿವಿ ಉಂಟಾ ಇಲ್ವಾ?"

"ಸೂತ್ರಧಾರಿ ನಾನು. ರೈಲು ಇರಲಿಲ್ಲ ಅಂತ ನನ್ನ ತೀರ್ಪು."

"ನಿಯಮಕ್ಕಿಂತ ನಿನ್ನ ತೀರ್ಪು ದೊಡ್ಡದಾ? ಹಾಗಾದ್ರೆ ಇವನು ಪುಸ್ತಕ ಯಾಕೆ ಬರೆಯುವುದು, ಉಪ್ಪಿನಕಾಯಿ ಹಾಕ್ಲಿಕ್ಕಾ? ಕಿಟಕಿ ಹತ್ರ ಕೂತವನು ಅವನೇ. ಅವನನ್ನೇ ಕೇಳು."

ಮೂವರೂ ನನ್ನ ಕಡೆ ತಿರುಗಿದರು. ನಾನು ಬೇಕೆಂದೇ ಒಂದು ಕ್ಷಣ ತಡೆದೆ. ಸಾಕ್ಷಿ ಹೇಳುವವನು ಯೋಚಿಸಿದಂತೆ ಕಾಣಬೇಕಲ್ಲ. ಆಮೇಲೆ ಹೇಳಿದ ಮಾತುಗಳು ಇವು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ: "ರೈಲು ಬಂದಿಲ್ಲ. ಖಂಡಿತ."

ಬಸು ಒಂದು ಸಲ ನನ್ನ ಮುಖ ನೋಡಿದ. ಎಡಗೈಯ ಕಿರುಬೆರಳನ್ನು ಕಿವಿಗೆ ಹಾಕಿ ಅಲ್ಲಾಡಿಸಿದ. "ವಕೀಲ್ರು ಅಂದ ಮ್ಯಾಲ ಮುಗೀತ್ರಿ" ಎಂದು ಎದ್ದ. ಚಹಾಕ್ಕೆ ನಿಲ್ಲಲಿಲ್ಲ. ಅಮ್ಮ ನಾಲ್ಕು ಲೋಟ ತಂದಳು, ಒಂದನ್ನು ಹಿಂದಕ್ಕೆ ಒಯ್ದಳು.

ಮಂಗಳವಾರ ಸಂಜೆ ಹಿಂದಿನ ಪುಟಗಳ ಗೀಚನ್ನು ಸಾಫು ಮಾಡಿ ಬರೆಯಲು ಕೂತೆ. ಬಾಗಿಲು, ಕತ್ತಲು, ಮೆಟ್ಟಿಲು ಎಂಬ ಪದಗಳು ನನ್ನ ಎಂದಿನ ದುಂಡಗಿನ ಅಕ್ಷರದಲ್ಲಿದ್ದವು. ಅದರ ಕೆಳಗೆ "ನಾ ಮುಂದ ಹೊಕ್ಕೀನಿ" ಎಂಬ ಸಾಲಿತ್ತು. ಆ ಒಂದು ಸಾಲು ನಡುಗಿತ್ತು. ವಯಸ್ಸಾದವರು ಸಹಿ ಹಾಕಿದ ಹಾಗೆ, ಒಂದೊಂದು ಕೊಂಬೂ ಹಲ್ಲು ಹಲ್ಲಾಗಿತ್ತು. ಮುಂದಿನ ಸಾಲು, "ಬಿಲ್ಲೆ ತೆಗಿ", ಮತ್ತೆ ದುಂಡಗಿತ್ತು. ಪುಟ ಹಿಂದಕ್ಕೆ ತಿರುವಿದೆ. ಪ್ರತಿ ಪುಟದಲ್ಲೂ ಅಲ್ಲಲ್ಲಿ ಹೀಗೆ ನಡುಗಿದ ತುಣುಕುಗಳಿದ್ದವು. ಎರಡು ವರ್ಷದಲ್ಲಿ ನಾನು ಅವನ್ನು ನೋಡಿಯೇ ಇರಲಿಲ್ಲ.

ಆಗಲೂ ನಂಬಲಿಲ್ಲ. ಬುಧವಾರ ಪರೀಕ್ಷೆ ಮಾಡಿದೆ. ಕಿಟಕಿಗೆ ಬೆನ್ನು ಕೊಟ್ಟು, ಅದೇ ಟೇಬಲ್ಲಿನ ಮೇಲೆ, ನನ್ನ ಹೆಸರನ್ನೇ ಮತ್ತೆ ಮತ್ತೆ ಬರೆಯುತ್ತಾ ಹೋದೆ. ಅಮ್ಮ ಅಡುಗೆಮನೆಯಲ್ಲಿ ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದಳು. "ಅವರ ಸೊಸೆ ಇದಾಳಲ್ಲ" ಎಂದು ನಿಲ್ಲಿಸಿದಳು. ನನ್ನ ಪೆನ್ನಿನ ಕೆಳಗೆ ನನ್ನ ಹೆಸರು ನಡುಗಿತು. ಹನ್ನೊಂದು ಸೆಕೆಂಡು ಎಣಿಸಿದೆ. "ಅವಳು ಊರಿಗೆ ಹೋಗಿದಾಳಂತೆ" ಎಂದು ಅಮ್ಮ ಮುಗಿಸಿದಳು. ತಿರುಗಿ ಪರದೆ ಸರಿಸಿ ನೋಡಿದರೆ ಲೋಕಲ್‌ನ ಕೊನೆಯ ಡಬ್ಬಿ ಕಿಟಕಿ ದಾಟುತ್ತಿತ್ತು.

ನನಗೆ ಏನೂ ಕೇಳಿಸಿರಲಿಲ್ಲ. ಹುಟ್ಟಿದ ದಿನದಿಂದ ಆ ಸದ್ದಿನೊಳಗೇ ಇದ್ದವನಿಗೆ ಅದು ಸದ್ದಾಗಿ ಉಳಿದಿರಲಿಲ್ಲ. ಅಮ್ಮನಿಗೂ ಹಾಗೆ, ವಿಮಲಕ್ಕನಿಗೂ ಹಾಗೆ. ನಾವು ನಮಗೇ ತಿಳಿಯದಂತೆ ಮಾತು ನಿಲ್ಲಿಸುತ್ತಿದ್ದೆವು, ನಮಗೇ ತಿಳಿಯದಂತೆ ಮುಂದುವರಿಸುತ್ತಿದ್ದೆವು. ಭಾನುವಾರ ಬಿಲ್ಲೆ ತೆಗಿ ಎನ್ನುವ ಮೊದಲು ವಿಮಲಕ್ಕ ಸುಮ್ಮನಿದ್ದದ್ದು ಹೆದರಿಸಲು ಅಲ್ಲ. ರೈಲು ಕೇಳಿಸುತ್ತಿದ್ದದ್ದು ಹೊರಗಿನಿಂದ ಬರುವ ಇಬ್ಬರಿಗೆ ಮಾತ್ರ. ಆ ಇಬ್ಬರ ಎದುರು ಕೂತು, ಕಿಟಕಿ ಪಕ್ಕದವನೆಂಬ ಹಕ್ಕಿನಿಂದ, ಖಂಡಿತ ಎಂದಿದ್ದೆ.

ಗುರುವಾರ ಕಾಲೇಜು ಮುಗಿಸಿ ವರ್ಕ್‌ಶಾಪಿಗೆ ಹೋದೆ. ಬಸು ಮೆಷಿನ್ ನಿಲ್ಲಿಸಿ ಹೊರಗೆ ಬಂದ. ನೋಟ್‌ಬುಕ್ ತೆರೆದು ಸಾಲು ತೋರಿಸಿದೆ. ಅವನು ಕೈಗೆ ಎಣ್ಣೆ ಇದ್ದದ್ದರಿಂದ ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದ.

"ರೈಲು ಹೋಗ್ತಿತ್ತು" ಎಂದೆ. "ನಿನಗೆ ಕೇಳಿಸಿತ್ತಾ?"

"ಕೇಳಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕಿಟಕಿ ಬಾಜೂಕ ಕುಂತವ್ರು, ಖಂಡಿತ ಅಂದ್ರಿ." ಅವನು ಒಳಗೆ ಲೇತಿನ ಕಡೆ ನೋಡಿದ. "ನಮ್ಮ ಉಸ್ತಾದರಿಗೆ ಹಿಂಗ ಶುರು ಆಗಿತ್ತು. ಇಲ್ಲದ ಸಪ್ಪಳ ಕೇಳಾಕ ಹತ್ತಿತ್ತು. ವರ್ಷದಾಗ ಕಿವಿ ಹೋತು, ಕೆಲಸಾನೂ ಹೋತು. ನಂದೂ ಶುರು ಆತು ಅಂದ್ಕೊಂಡೆ. ನಾಕು ದಿನ ಆತು, ಮಲಗಿದಾಗ ಬರೇ ಕಿವೀನ ಕೇಳ್ಕೋಂತ ಇದ್ದೀನಿ."

ಈರಣ್ಣನ ವಿಷಯ ಹೇಳಲು ಹೋಗಿದ್ದೆ. ಈರಣ್ಣ ಅವನ ತಲೆಯಲ್ಲೇ ಇರಲಿಲ್ಲ. ನಾನು ಅಂದು ಕಸಿದದ್ದು ಕಥೆಯ ಒಬ್ಬ ವೀರನನ್ನು ಮಾತ್ರವಲ್ಲ, ಒಬ್ಬ ಮನುಷ್ಯನ ನಾಲ್ಕು ದಿನಗಳ ನಿದ್ದೆಯನ್ನೂ. "ನಿನ್ನ ಕಿವಿ ಸರಿಯಾಗಿದೆ" ಎಂದೆ. "ಕೇಳಿಸದೇ ಇದ್ದದ್ದು ನನಗೆ." ಅವನು ನಗಲಿಲ್ಲ. ಉದ್ದಕ್ಕೆ ಉಸಿರು ಬಿಟ್ಟು, ಆ ಸಾಲನ್ನು ಇನ್ನೊಮ್ಮೆ ನೋಡಿದ. "ರವಿವಾರ ಬರ್ತೀನ್ರಿ" ಎಂದ.

ಭಾನುವಾರ ನಾನು ನೋಟ್‌ಬುಕ್ಕನ್ನು ವಿಮಲಕ್ಕನ ಮುಂದಿಟ್ಟೆ. ಅವಳು ನಡುಗಿದ ಸಾಲಿನ ಮೇಲೆ ಬೆರಳಾಡಿಸಿ, ತಾನೇ ಒಂದು ಕಾಗದ ತೆಗೆದುಕೊಂಡು, ಪರದೆ ಸರಿಸಿ ರೈಲಿಗೆ ಕಾದು ಬರೆದು ನೋಡಿದಳು. ಅವಳ ಅಕ್ಷರವೂ ನಡುಗಿತು. ಪ್ರಭಾ, "ಎರಡು ವರ್ಷದಿಂದ ನಾನು ಇವರ ಹತ್ರ ಮಾತಾಡ್ತಿರುವುದು ಇವರಿಗೆ ಕೇಳಿಸಿದೆಯಾ ಅಂತ ಈಗ ಡೌಟು" ಎಂದಳು.

"ನಿಯಮ ನಿಯಮವೇ" ಎಂದಳು ವಿಮಲಕ್ಕ. "ಆ ಮಾತು ಲೆಕ್ಕಕ್ಕಿಲ್ಲ. ಈರಣ್ಣ ಬಾಗಿಲ ಹೊರಗೇ ಇದಾನೆ. ಆದರೆ ಒಳಗೆ ಮೊಸಳೆ ಇದೆ ಅಂತ ಈಗ ಎಲ್ಲರಿಗೂ ಗೊತ್ತು. ಅದಕ್ಕೆ ನಿಯಮ ಇದೆಯೇನೋ ವಕೀಲ?"

ಇರಲಿಲ್ಲ. ಬರೆಯಲು ಪೆನ್ನನ್ನೂ ಎತ್ತಲಿಲ್ಲ.

"ಹಾಗಾದರೆ ನಾನು ಹೇಳ್ತೀನಿ, ಇವತ್ತಿಗೆ ಮಾತ್ರ. ಬಸು, ನೀನು ಏನು ಬೇಕಾದರೂ ಹೇಳು. ವಾಪಸ್ ಹೋಗ್ತೀನಿ ಅಂದರೂ ಸರಿ. ಯಾರೂ ಏನೂ ಅನ್ನಲ್ಲ."

ಬಸು ಕಿಟಕಿಯ ಕಡೆ ಕೈ ಎತ್ತಿದ. "ಸ್ವಲ್ಪ ತಡೀರಿ."

ಆಗ ನನಗೆ ರೈಲು ಕೇಳಿಸಿತು. ಮೊದಲು ದೂರದಲ್ಲಿ ಹಳಿಯ ಸಣ್ಣ ಝಣಝಣ, ಆಮೇಲೆ ಕಬ್ಬಿಣದ ಮೇಲೆ ಕಬ್ಬಿಣ, ಆಮೇಲೆ ಇಡೀ ಮನೆಯನ್ನು ಹಿಡಿದು ಅಲ್ಲಾಡಿಸುವ ಗರ್ಜನೆ. ಡಬ್ಬಿಯೊಳಗೆ ಬಿಲ್ಲೆಗಳು ಒಂದಕ್ಕೊಂದು ತಾಕುತ್ತಿದ್ದವು. ಹದಿನಾರು ವರ್ಷ ಇದರ ಪಕ್ಕದಲ್ಲಿ ಮಲಗಿ ಎದ್ದಿದ್ದೆ. ಎಷ್ಟು ದೊಡ್ಡ ಸದ್ದು ಅದು.

"ಹೋತೇನ್ರಿ?" ಎಂದು ಬಸು ನನ್ನನ್ನು ಕೇಳಿದ.

ಕಿವಿಗೊಟ್ಟೆ. "ಇನ್ನೂ ಇಲ್ಲ" ಎಂದೆ. ಅವನು ಕಾದ. ಕೊನೆಯ ಡಬ್ಬಿಯ ಸದ್ದು ಸ್ಟೇಷನ್ನಿನ ಕಡೆ ತೆಳುವಾಗಿ, ಇಲ್ಲವಾಯಿತು. "ಹೋಯಿತು."

"ನಾ ಮುಂದ ಹೊಕ್ಕೀನಿ" ಎಂದ ಬಸು. "ನೀವು ಇಲ್ಲೇ ನಿಂದರ್ರಿ."

"ಮೊಸಳೆ ಇದೆ ಮಾರಾಯ" ಎಂದಳು ಪ್ರಭಾ.

"ಐತಿ. ಆವತ್ತ ಗೊತ್ತಿರಲಿಲ್ಲ, ಅಂದಿದ್ದೆ. ಇವತ್ತ ಗೊತ್ತೈತಿ, ಅಂತೀನಿ. ಮಾತು ನಂದ ಅಲ್ಲೇನು?"

ಕಣ್ಣು ಮುಚ್ಚಿ ಡಬ್ಬಿಗೆ ಕೈ ಹಾಕಿದ. ತೆಗೆದ ಬಿಲ್ಲೆಯನ್ನು ಟೇಬಲ್ಲಿನ ನಡುವೆ ಇಟ್ಟ. ಅಡಿಗೆರೆ ಸವೆದ ಬಿಲ್ಲೆ. ನನ್ನ ಕಡೆಯಿಂದ ಆರು, ವಿಮಲಕ್ಕನ ಕಡೆಯಿಂದ ಒಂಬತ್ತು. ಬಸುವಿನ ಕಡೆಯಿಂದ ಅಡ್ಡ ಬಿದ್ದಿತ್ತು, ಎರಡೂ ಅಲ್ಲ. ಯಾವುದಾದರೂ ಐದಕ್ಕಿಂತ ಹೆಚ್ಚೇ.

ಆರೋ ಒಂಬತ್ತೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನೋಟ್‌ಬುಕ್ಕು ಮುಚ್ಚಿಯೇ ಇತ್ತು. ವಿಮಲಕ್ಕ ಕಥೆ ಮುಂದುವರಿಸಿದಳು, ಈರಣ್ಣ ಮೆಟ್ಟಿಲಿಳಿದ.